ಒದ್ದೆ ಕೈಗೆ ಸಿಗುವ ಸ್ವಿಚ್ಚು

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಗೋಡೆಯನ್ನು. ಮನೆಯವರು ಕುಡಿಯಲು ನೀರು ತಂದುಕೊಡುವಷ್ಟರಲ್ಲಿ ಅಲ್ಲಿನ ಸ್ವಿಚ್ಚುಗಳೆಲ್ಲ ಎಲ್ಲಿವೆ, ಯಾವುದು ಬಾಗಿಲ ಹಿಂದೆ ಅಡಗಿದೆ, ಯಾವುದನ್ನು ಒತ್ತಲು ಸೋಫಾದ ಮೇಲೆ ಮೊಣಕಾಲೂರಬೇಕು ಎಂಬುದೆಲ್ಲ ನನಗೆ ಗೊತ್ತಾಗಿರುತ್ತದೆ. ನಾನು ಗೋಡೆಯ ಬಣ್ಣವನ್ನು ಮೆಚ್ಚುತ್ತಿದ್ದೇನೆಂದು ತಿಳಿದು ಅವರು ಬಣ್ಣ ಹಚ್ಚಿದವನ ಫೋನ್ ನಂಬರು ಕೊಡಲು ಬರುತ್ತಾರೆ. ನಾನು ಸಂಕೋಚಕ್ಕೆ ಬರೆದುಕೊಳ್ಳುತ್ತೇನೆ. ನನ್ನ ಡೈರಿಯಲ್ಲಿ ಪುಣೆಯ ಏಳು ಜನ ಬಣ್ಣದವರ ನಂಬರುಗಳಿವೆ.

ಇದು ನೌಕರಿಯಿಂದ ಅಂಟಿದ ಚಟ. ಹಡಪಸರದ ಒಂದು ಕಾರಖಾನೆಯಲ್ಲಿ ಮೂವತ್ತೊಂದು ವರ್ಷ ಸ್ವಿಚ್ಚುಗಳನ್ನು ಪರೀಕ್ಷೆ ಮಾಡಿದವನು ನಾನು. ತಣ್ಣಗಿನ ಕೋಣೆಯೊಂದರಲ್ಲಿ ಉಕ್ಕಿನ ಬೆರಳೊಂದು ಹಗಲೆಲ್ಲ ಸ್ವಿಚ್ಚನ್ನು ಒತ್ತುತ್ತಿತ್ತು, ಬಿಡುತ್ತಿತ್ತು. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ನೋಡುತ್ತಿದ್ದೆ. ಕೆಲವು ಸ್ವಿಚ್ಚುಗಳಿಗೆ ನೀರು ಚಿಮುಕಿಸಿ ನೋಡುವುದೂ ಇತ್ತು. ಎಲ್ಲ ಸರಿಯಿದ್ದರೆ ‘ಪಾಸ್’ ಎಂದು ಬರೆದು ಸಹಿ ಹಾಕುತ್ತಿದ್ದೆ. ನನ್ನ ಸಹಿ ಇಲ್ಲದೆ ಒಂದು ಸ್ವಿಚ್ಚೂ ಗೇಟು ದಾಟುತ್ತಿರಲಿಲ್ಲ ಎಂದು ಈಗಲೂ ಮದುವೆ ಮುಂಜಿಗಳಲ್ಲಿ ಹೇಳಿಕೊಳ್ಳುವುದುಂಟು. ಕೇಳುವವರು ಊಟದ ಕಡೆ ನೋಡುತ್ತಿರುತ್ತಾರೆ.

ನಮ್ಮೂರು ಇಂಡಿ. ನಾನು ಸಣ್ಣವನಿದ್ದಾಗ ಮನೆಗೆ ಕರೆಂಟು ಬಂತು. ಮಕ್ಕಳು ಒದ್ದೆ ಕೈಯಲ್ಲಿ ಮುಟ್ಟಿಯಾರೆಂದು ಹೆದರಿ ಅಪ್ಪ ಸ್ವಿಚ್ಚನ್ನು ಜಂತೆಯ ಹತ್ತಿರ ಕೂರಿಸಲು ಹೇಳಿದರು. ಅಪ್ಪ ಆರಡಿಯ ಆಳು. ಅವರನ್ನು ಬಿಟ್ಟು ಮನೆಯಲ್ಲಿ ಯಾರಿಗೂ ಅದು ಎಟುಕುತ್ತಿರಲಿಲ್ಲ. ಅವರು ಶಾಲೆಯ ಕೆಲಸಕ್ಕೆಂದು ವಿಜಯಪುರಕ್ಕೆ ಹೋದರೆ ದೀಪ ಎರಡು ಹಗಲು ಎರಡು ರಾತ್ರಿ ಉರಿಯುತ್ತಲೇ ಇರುತ್ತಿತ್ತು. ಕಡೆಗೊಂದು ದಿನ ಅಜ್ಜಿ ಬೇಸತ್ತು, ಮಜ್ಜಿಗೆ ಕಡೆಯುತ್ತಿದ್ದ ಕಡಗೋಲನ್ನೇ ಎತ್ತಿ ಸ್ವಿಚ್ಚಿಗೆ ಚುಚ್ಚಿದಳು. ದೀಪ ಆರಿತು. ಸುಣ್ಣದ ಗೋಡೆಯ ಮೇಲೆ ಬೆಣ್ಣೆಯ ದೊಡ್ಡ ಕಲೆ ಬಿತ್ತು. ಅಪ್ಪ ಬಂದು ಕೂಗಾಡಿದರು. ಸ್ವಿಚ್ಚು ಮಾತ್ರ ಅಲ್ಲೇ ಉಳಿಯಿತು, ಕಲೆಯೂ ಉಳಿಯಿತು.

ಸ್ವಿಚ್ಚುಗಳ ವಿಷಯದಲ್ಲಿ ನನಗೆ ತಿಳಿಯದ್ದು ಇನ್ನೇನೂ ಇಲ್ಲ ಎಂದು ನಿವೃತ್ತಿಯ ತನಕ, ನಿವೃತ್ತಿಯ ನಂತರವೂ ಎರಡು ವರ್ಷ, ನಂಬಿಕೊಂಡಿದ್ದೆ. ಆ ನಂಬಿಕೆ ಹೋದದ್ದು ಒಂದು ಆಟದ ವಿಮಾನದಿಂದ.

ವಾಕಡದಲ್ಲಿ ನಮ್ಮ ಕಟ್ಟಡದ ಮೂಲೆಗೆ ರತ್ನಾಕರ ಶೆಟ್ಟರ ಹೋಟೆಲಿದೆ. ಕುಂದಾಪುರದ ಕಡೆಯವರು, ನನಗಿಂತ ಎರಡು ವರ್ಷಕ್ಕೆ ಹಿರಿಯರು. ಮರಾಠಿ ಗಿರಾಕಿಗಳ ನಡುವೆ ನಾನು ಕನ್ನಡದಲ್ಲಿ ಚಹಾ ಕೇಳಿದ್ದೇ ಪರಿಚಯಕ್ಕೆ ಸಾಕಾಯಿತು. ಒಂದು ಮಧ್ಯಾಹ್ನ ಅವರು ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಮುರಿದ ರೆಕ್ಕೆಯ ಥರ್ಮಾಕೋಲ್ ವಿಮಾನವೊಂದನ್ನು ತೆಗೆದು ಟೇಬಲ್ಲಿನ ಮೇಲಿಟ್ಟರು. ಕಳ್ಳಮಾಲು ತೋರಿಸುವವರ ಹಾಗೆ ಆಚೀಚೆ ನೋಡಿದರು.

“ನೀವು ಕರೆಂಟಿನವರಲ್ವಾ? ಇದು ಸರಿ ಮಾಡ್ಲಿಕ್ಕಾಗ್ತದಾ ನೋಡಿ.”

“ಯಾರದ್ರಿ ಇದು?”

“ನನ್ನದೇ ಮಾರಾಯ್ರೆ. ಅರವತ್ತರ ನಂತರ ಮತ್ತೆ ಯಾವಾಗ ಹಾರಿಸುವುದು?”

ಹೀಗೆ ಶುರುವಾಯಿತು. ನೆಲದಿಂದ ಏಳುವ ವಿಮಾನಕ್ಕೆ ಮೈದಾನ ಬೇಕು. ವಾಕಡದಲ್ಲಿ ಮೈದಾನ ಎನ್ನುವುದು ಮುಂದಿನ ಕಟ್ಟಡಕ್ಕೆ ಪಾಯ ತೋಡುವ ತನಕದ ಮಾತು. ನೀರಿನಿಂದ ಏಳುವುದನ್ನು ಮಾಡೋಣ ಎಂದವರು ಶೆಟ್ಟರೇ. ಅಳಿವೆಯ ಬದಿಯಲ್ಲಿ ಬೆಳೆದವರಿಗೆ ನೀರೆಂದರೆ ಅಂಗಳ. ಮುಳಶಿ ರಸ್ತೆಯಿಂದ ಒಳಗೆ ಒಂದು ಊರಿನ ಕೆರೆ ಸಿಕ್ಕಿತು. ಊರಿನವರನ್ನು ಕೇಳಿದೆವು. ಇಬ್ಬರು ಮುದುಕರು ಆಟಿಕೆ ತೇಲಿಸುವುದಕ್ಕೆ ಯಾರದೇನು ಅಡ್ಡಿ ಎಂದರು. ಸೋಮವಾರ ಹೋಟೆಲಿಗೆ ರಜೆ. ಪ್ರತಿ ಸೋಮವಾರ ಬೆಳಿಗ್ಗೆ ನಾವು ಕೆರೆಯಲ್ಲಿ.

ಈ ನೀರುವಿಮಾನದ ರಚನೆಯನ್ನು ಒಂದಿಷ್ಟು ಹೇಳಲೇಬೇಕು. ಹೊಟ್ಟೆ ದೋಣಿಯ ಹಾಗಿರುತ್ತದೆ. ಫ್ಯಾನನ್ನು ಮೂಗಿಗೆ ಇಟ್ಟರೆ ಓಡುವಾಗ ನೀರು ಚಿಮ್ಮಿ ಹೊಡೆಯುತ್ತದೆಂದು, ರೆಕ್ಕೆಯ ಮೇಲೆ ಒಂದು ಗೇಣಿನ ಕಂಬ ನಿಲ್ಲಿಸಿ ಮೋಟರು ಮತ್ತು ಫ್ಯಾನನ್ನು ಅದರ ತಲೆಗೆ ಕಟ್ಟುತ್ತಾರೆ. ಬ್ಯಾಟರಿ ಹೊಟ್ಟೆಯೊಳಗೆ. ದಡದಲ್ಲಿ ನಿಂತವನ ಕೊರಳಿಗೆ ಪಟ್ಟಿಯಿಂದ ರಿಮೋಟು ತೂಗುತ್ತದೆ. ಅದರ ಎಡಗಡೆಯ ಕಡ್ಡಿ ಮೇಲೆ ಹೋದರೆ ಫ್ಯಾನು ತಿರುಗುತ್ತದೆ, ಕೆಳಗಿದ್ದರೆ ನಿಲ್ಲುತ್ತದೆ. ಇದಿಷ್ಟೂ ಜೀವ ಹಿಡಿಯುವುದು ವಿಮಾನದ ಮೇಲಿನ ಒಂದು ಚಿಕ್ಕ ಸ್ವಿಚ್ಚಿನಿಂದ.

ನಮ್ಮ ಮೊದಲ ವಿಮಾನಕ್ಕೆ ಆ ಸ್ವಿಚ್ಚು ಪಕ್ಕೆಯಲ್ಲಿತ್ತು. ಎರಡನೆಯ ವಾರವೇ ಅದಕ್ಕೆ ನೀರು ನುಗ್ಗಿ, ವಿಮಾನ ಆಕಾಶದಲ್ಲಿ ಸೀನು ಬಂದವರ ಹಾಗೆ ಎರಡು ಸಲ ತಲೆ ಕೊಡವಿ ಕೆರೆಗೆ ಬಿತ್ತು. ನನಗೆ ಅವಮಾನವಾಯಿತು. ನೀರು ಚಿಮುಕಿಸಿ ಪಾಸು ಮಾಡುತ್ತಿದ್ದವನ ಸ್ವಿಚ್ಚು ನೀರಿನಿಂದ ಸಾಯುವುದೆಂದರೇನು? ಎರಡನೆಯ ವಿಮಾನ ಕಟ್ಟುವಾಗ ಸ್ವಿಚ್ಚನ್ನು ಹೊಟ್ಟೆಯ ನಟ್ಟನಡುವೆ ಹೂತಿಟ್ಟೆ. ಅದರ ಮೇಲೊಂದು ಮುಚ್ಚಳ, ಮುಚ್ಚಳದ ಸುತ್ತ ಅಗಲವಾದ ಅಂಟುಪಟ್ಟಿ. ಚಾಲೂ ಮಾಡಲು ಅಥವಾ ಬಂದ್ ಮಾಡಲು ಪಟ್ಟಿ ಕಿತ್ತು, ಮುಚ್ಚಳ ತೆಗೆದು, ಎರಡು ಬೆರಳು ಒಳಗೆ ಹಾಕಿ ತಡಕಬೇಕು. ಮುಚ್ಚಳ ಇದ್ದದ್ದು ಕಂಬದ ಬುಡದಲ್ಲಿ, ಫ್ಯಾನಿನ ನೇರ ಕೆಳಗೆ.

ಶೆಟ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. “ಅಲ್ಲ ಹಿರೇಮಠ್ರೇ, ಕೈ ಹಾಕುವಾಗ ಈ ಫ್ಯಾನು ಬೆರಳಿನ ಮೇಲೆಯೇ ಇರ್ತದಲ್ಲ?”

“ಕಡ್ಡಿ ಕೆಳಗಿದ್ರ ಫ್ಯಾನು ತಿರಗೂದಿಲ್ರಿ. ನೀವ್ ಚಿಂತಿ ಮಾಡಬ್ಯಾಡ್ರಿ. ಒಂದ್ ಹನಿ ನೀರು ಒಳಗ ಹೋದ್ರ ನನ್ನ ಹೆಸರ ಬದಲಾಯಿಸ್ರಿ.”

ನೀರು ಹೋಗಲಿಲ್ಲ. ನನ್ನ ಹೆಸರೂ ಹಾಗೇ ಇದೆ. ನಾಲ್ಕು ತಿಂಗಳು ವಿಮಾನ ಚೆನ್ನಾಗಿ ಹಾರಿತು, ಚೆನ್ನಾಗಿ ಇಳಿಯಿತು.

ಆ ಸೋಮವಾರವೂ ಚೆನ್ನಾಗಿಯೇ ಇಳಿದಿತ್ತು. ಶೆಟ್ಟರು ಪ್ಯಾಂಟು ಮಡಚಿ ಮೊಣಕಾಲು ನೀರಿನಲ್ಲಿ ನಿಂತು, ತೇಲಿ ಬಂದ ವಿಮಾನವನ್ನು ಎಡಗೈಯಲ್ಲಿ ಹಿಡಿದು, ಬಲಗೈಯಿಂದ ಅಂಟುಪಟ್ಟಿ ಕೀಳುತ್ತಿದ್ದರು. ನಾನು ದಡದಲ್ಲಿದ್ದೆ. ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ನನ್ನ ಹೆಂಡತಿ, ಬರುವಾಗ ಕೊತ್ತಂಬರಿ ತರಲು ಹೇಳುವವಳಿದ್ದಳು ಎಂದು ಆಮೇಲೆ ತಿಳಿಯಿತು. ಫೋನು ತೆಗೆಯಲು ಸ್ವಲ್ಪ ಬಾಗಿದೆ. ಕೊರಳಲ್ಲಿದ್ದ ರಿಮೋಟಿನ ಕಡ್ಡಿಯನ್ನು ನನ್ನ ಹೊಟ್ಟೆ ಮೇಲಕ್ಕೆ ತಳ್ಳಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಬೆಂಡೆಕಾಯಿ ಹೆಚ್ಚುವ ಸದ್ದಿನ ಹಾಗೆ ಏನೋ ಕೇಳಿತು. ಶೆಟ್ಟರು ಕೂಗಲೂ ಇಲ್ಲ. ವಿಮಾನವನ್ನು ಬಿಟ್ಟು ಬಲಗೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಂತರು. ವಿಮಾನ ತನ್ನಷ್ಟಕ್ಕೆ ಓಡಿ, ಅರ್ಧ ಸುತ್ತು ಹೊಡೆದು, ಏರಿಯ ಕಲ್ಲಿಗೆ ಗುದ್ದಿ ಮಗುಚಿಕೊಂಡಿತು. ಅವರ ಬಿಳಿ ಅಂಗಿಯ ಪಕ್ಕೆ ಕೆಂಪಾಗುವುದನ್ನು ನೋಡಿದ ಮೇಲೆಯೇ ನನಗೆ ಕಾಲು ಬಂದದ್ದು.

ಟವೆಲ್ಲು ಸುತ್ತಿ ಅವರನ್ನು ಕಾರಿನಲ್ಲಿ ಕೂರಿಸಿದೆ. ವಿಮಾನವನ್ನು ಡಿಕ್ಕಿಗೆ ಎಸೆದು, ಅವರ ಕಾರನ್ನು ನಾನೇ ಓಡಿಸಿದೆ. ದಾರಿಯಲ್ಲಿ ಅವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

“ಮನೆಯಲ್ಲಿ, ಹೋಟೆಲಿನ ಕಾಯಿ ತುರಿಯುವ ಮಿಷನ್ನಿಗೆ ಸಿಕ್ಕಿತು ಅಂತ ಹೇಳುವ.”

“ಯಾಕ್ರಿ?”

“ಇವಳಿಗೆ ಗೊತ್ತಾದ್ರೆ ಮತ್ತೆ ಕೆರೆಯೂ ಇಲ್ಲ, ನೀವೂ ಇಲ್ಲ.”

ನಾನು ‘ಹೂಂ’ ಎಂದೆ. ಆ ಹೂಂ ಅವರ ಒಳ್ಳೆಯದಕ್ಕೆ ಅಂದದ್ದೆಂದು ಆಗ ಅಂದುಕೊಂಡೆ. ಹಾಗಲ್ಲ. ತಪ್ಪಿಸಿಕೊಂಡೆನಲ್ಲ ಎಂಬ ನಿರಾಳ ಅದರಲ್ಲಿತ್ತು.

ಮೂರು ಬೆರಳಿಗೆ ಹೊಲಿಗೆ ಬಿತ್ತು. ನಡುಬೆರಳಿನ ನರವನ್ನೂ ಹೊಲಿಯಬೇಕಾಯಿತು. ಮೂರು ನಾಲ್ಕು ವಾರ ಕೈಗೆ ಪಟ್ಟಿ, ಮನೆಯಲ್ಲೇ ವಿಶ್ರಾಂತಿ ಎಂದರು ಡಾಕ್ಟರು. ಶೆಟ್ಟರ ಹೆಂಡತಿ ಸುಮತಿಯವರನ್ನು ನಾನು ನಮ್ಮ ಕಡೆಯ ರೂಢಿಯಂತೆ, ಅತ್ತಿಗೆ ಎಂಬ ಅರ್ಥದಲ್ಲಿ, ವೈನಿ ಎನ್ನುತ್ತೇನೆ. ಅವರು ಆಸ್ಪತ್ರೆಗೆ ಓಡಿ ಬಂದಾಗ ಶೆಟ್ಟರು, ಕೆರೆಗೆ ಹೊರಡುವ ಮೊದಲು ಹೋಟೆಲಿಗೆ ಹೋಗಿ ಮಿಷನ್ನು ತೊಳೆಯಲು ಕೈ ಹಾಕಿದೆ, ಅದು ತಿರುಗಿತು ಎಂದರು. ವೈನಿ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ.

ಸುಳ್ಳಿನ ಅರ್ಧ ಮಾತ್ರ ಶೆಟ್ಟರದು. ಉಳಿದರ್ಧವನ್ನು ವೈನಿ ತಾವೇ ತುಂಬಿಕೊಂಡರು. ಹಿಂದಿನ ಸಂಜೆ ಹೋಟೆಲಿನ ಸಾಲಿಗೆ ಕರೆಂಟು ಹೋಗಿತ್ತು, ಬೆಳಿಗ್ಗೆಯೇ ಬಂದದ್ದು. ಆ ಸಂಜೆ ಕಡೆಯದಾಗಿ ಮಿಷನ್ನಿನಲ್ಲಿ ಕೆಲಸ ಮಾಡಿದವರು ಶಾಂತವ್ವ. ಸೋಮವಾರ ಅಮಾವಾಸ್ಯೆ, ಖಂಡೋಬಾನ ದರ್ಶನಕ್ಕೆ ಜೇಜುರಿಗೆ ಹೋಗುವ ಗಡಿಬಿಡಿ. ಕರೆಂಟು ಹೋದಾಗ ಸ್ವಿಚ್ಚು ಬಂದ್ ಮಾಡದೆ ಬಸ್ಸಿಗೆ ಓಡಿರಬೇಕು. ಮಾಲೀಕರು ಕೈ ಹಾಕಿದ ಹೊತ್ತಿಗೆ ಸರಿಯಾಗಿ ಕರೆಂಟು ಬಂದಿರಬೇಕು. ಕೇಳಿದರೆ ಯಾರಾದರೂ ನಂಬುವ ಕಥೆ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು ನಾನೇ ಅರೆಕ್ಷಣ ನಂಬಿದೆ.

ಶಾಂತವ್ವ ಸಿಂದಗಿ ಕಡೆಯವರು. ವಯಸ್ಸು ಐವತ್ತರ ಹತ್ತಿರ. ಹೋಟೆಲಿನ ಚಟ್ನಿ, ಸಾಂಬಾರಿಗೆ ಬೇಕಾದ ಕಾಯಿಯನ್ನೆಲ್ಲ ತುರಿಯುವುದು, ರುಬ್ಬುವುದು ಅವರ ಕೆಲಸ. ನಾನು ಒಳಗೆ ಕಾಲಿಟ್ಟರೆ ಅಡಿಗೆಮನೆಯ ಕಿಂಡಿಯಿಂದಲೇ “ಬರ್ರಿ ಸಾಹೇಬ್ರ” ಎನ್ನುತ್ತಿದ್ದರು. ಪುಣೆಯಲ್ಲಿ ಸಿಗುವ ಜೋಳದಿಂದ ರೊಟ್ಟಿ ಬಡಿಯಲು ಬರುವುದಿಲ್ಲ ಎಂಬ ವಿಷಯದಲ್ಲಿ ನಾವಿಬ್ಬರೂ ಬಹಳ ವರ್ಷಗಳಿಂದ ಒಮ್ಮತದಲ್ಲಿದ್ದೆವು.

ಒಂದು ವಾರದ ನಂತರ ಇಡ್ಲಿ ತಿನ್ನಲು ಹೋದಾಗ ಚಟ್ನಿಯಲ್ಲಿ ಕಾಯಿಯ ಚೂರುಗಳು ಹಲ್ಲಿಗೆ ಸಿಕ್ಕವು. ಕಿಂಡಿಯಲ್ಲಿ ಬೇರೆ ಮುಖವಿತ್ತು. ಶಾಂತವ್ವ ಹಿಂದಿನ ಬಚ್ಚಲಲ್ಲಿ ಪಾತ್ರೆ ತಿಕ್ಕುತ್ತಿದ್ದರು. ನನ್ನನ್ನು ನೋಡಿದರು, ಬರ್ರಿ ಎನ್ನಲಿಲ್ಲ.

ಸಂಜೆ ಶೆಟ್ಟರ ಮನೆಗೆ ಹೋದೆ. ವೈನಿ ಹೋಟೆಲಿನಲ್ಲಿದ್ದರು. ವಿಷಯ ಹೇಳಿದೆ. ಶೆಟ್ಟರು ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡರು.

“ಕೆಲಸದಿಂದ ತೆಗೆದಿಲ್ಲ ಅಲ್ವಾ? ನಾನು ಹೋಟೆಲಿಗೆ ಹೋಗ್ಲಿಕ್ಕೆ ಸುರು ಮಾಡಿದ ಮೇಲೆ ಸರಿ ಮಾಡ್ತೇನೆ. ಸ್ವಲ್ಪ ದಿನ ಹೋಗ್ಲಿ.”

ಸ್ವಲ್ಪ ದಿನ ಹೋಯಿತು. ನಾನು ದಿನಾ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಹೋಗದಿದ್ದರೆ ವೈನಿಗೆ ಅನುಮಾನ ಬಂದೀತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಬಚ್ಚಲಿನ ಕಡೆ ಬೆನ್ನು ಮಾಡಿ ಕೂರುವ ಟೇಬಲ್ಲು ಹುಡುಕಿಕೊಂಡಿದ್ದೆ.

ಮೂರನೆಯ ವಾರ ಒಂದು ಬೆಳಿಗ್ಗೆ ಶಾಂತವ್ವ ಸೀರೆಗೆ ಕೈ ಒರೆಸಿಕೊಳ್ಳುತ್ತ ಆ ಟೇಬಲ್ಲಿನ ಹತ್ತಿರ ಬಂದು ನಿಂತರು.

“ಸಾಹೇಬ್ರ, ಒಂದ್ ಮಾತ್ ಕೇಳ್ಲೇನ್ರಿ?”

“ಕೇಳ್ರಿ ಶಾಂತವ್ವ.”

“ನೀವು ಸ್ವಿಚ್ಚಿನ ಫ್ಯಾಕ್ಟರಿಯೊಳಗ ಇದ್ದವ್ರು. ಬಂದ್ ಮಾಡಿದ ಸ್ವಿಚ್ಚು ತಾನಾಗೇ ಚಾಲೂ ಆಗ್ತದೇನ್ರಿ?”

ನಾನು ಬಟ್ಟಲನ್ನು ಕೆಳಗಿಟ್ಟೆ.

“ನಂಗ ಬಂದ್ ಮಾಡಿದ್ದು ನೆನಪದರಿ. ಕಟ್ ಅಂತ ಸಪ್ಪಳಾನೂ ನೆನಪದ. ಆದ್ರ ಎಲ್ಲಾರೂ ಹೇಳಿ ಹೇಳಿ, ನಾ ಬಂದ್ ಮಾಡಿರಲಿಲ್ಲೇನೋ ಅಂತ ಈಗ ನಂಗೂ ಅನಸ್ಲಿಕತ್ತದ. ಮನ್ಯಾಗ ಗ್ಯಾಸ್ ಬಂದ್ ಮಾಡಿ ಮೂರ್ ಮೂರ್ ಸಲ ಎದ್ದು ನೋಡ್ತೀನ್ರಿ. ಮಾಲಕರ ಕೈ ನೆಟ್ಟಗಾದ್ರ ಮತ್ತೊಮ್ಮೆ ಜೇಜುರಿಗೆ ಬರ್ತೀನಂತ ಖಂಡೋಬಾಗ ಬೇಡ್ಕೊಂಡೀನಿ.”

ಮೂವತ್ತೊಂದು ವರ್ಷದಲ್ಲಿ ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ನೇರವಾದ ಪ್ರಶ್ನೆ ಕೇಳಿರಲಿಲ್ಲ. ಉತ್ತರವೂ ಗೊತ್ತಿದ್ದದ್ದೇ.

“ಆಗೂದಿಲ್ಲ ಶಾಂತವ್ವ. ನೀವು ಬಂದ್ ಮಾಡಿದ್ರಿ. ನಿಮ್ಮ ನೆನಪು ಖರೇ ಅದ” ಎಂದು ಎದ್ದು ಗಲ್ಲಾದ ಹತ್ತಿರ ಹೋದೆ. ಎದ್ದ ಮೇಲೆ ಯೋಚಿಸಲು ಸಮಯ ಸಿಕ್ಕಿದ್ದರೆ ಮತ್ತೆ ಕೂತುಬಿಡುತ್ತಿದ್ದೆನೋ ಏನೋ. “ವೈನಿ, ಶೆಟ್ಟರ ಕೈ ಕೊಯ್ದದ್ದು ಮಷೀನ್ ಅಲ್ರಿ. ವಿಮಾನದ ಫ್ಯಾನು. ಚಾಲೂ ಆಗಿದ್ದು ನನ್ನಿಂದ.”

ವೈನಿ ಗಿರಾಕಿಯೊಬ್ಬನಿಗೆ ಚಿಲ್ಲರೆ ಕೊಡುತ್ತಿದ್ದವರು ಕೈ ತಡೆದರು. “ಎಂತ ಹೇಳ್ತಾ ಇದ್ದೀರಿ ನೀವು?”

ಎಲ್ಲವನ್ನೂ ಹೇಳಿದೆ. ಸ್ವಿಚ್ಚು ಎಲ್ಲಿಟ್ಟಿದ್ದೆ, ಫೋನು, ಹೊಟ್ಟೆ, ಕಾರಿನಲ್ಲಿ ಆಡಿದ ಮಾತು. ವೈನಿ ಗಿರಾಕಿಯ ಚಿಲ್ಲರೆ ಎಣಿಸಿ ಕೊಟ್ಟರು. ಮುಗಿದ ಮೇಲೆ ನನ್ನನ್ನು ಅಲ್ಲೇ ಬಿಟ್ಟು ಶಾಂತವ್ವನ ಹತ್ತಿರ ಹೋದರು.

“ಶಾಂತಕ್ಕ, ತಪ್ಪು ನನ್ನದು. ನಿಮ್ಮನ್ನು ಒಂದು ಮಾತು ಕೇಳದೆ ಹೇಳಿದೆ.”

ಶಾಂತವ್ವ ನನ್ನ ಕಡೆ ತಿರುಗಿದರು. “ಮೂರ್ ವಾರ ದಿನಾ ಇಲ್ಲೇ ಕುಂತು ಚಾ ಕುಡದ್ರೆಲ್ರಿ ಸಾಹೇಬ್ರ.”

ಅಷ್ಟೇ. ಚೀಲ ತೆಗೆದುಕೊಂಡು ಮನೆಗೆ ಹೋದರು. ನಾನು ಕ್ಷಮೆ ಕೇಳಿದೆನೋ ಇಲ್ಲವೋ ನನಗೆ ನೆನಪಿಲ್ಲ. ಕೇಳಿದ್ದರೂ ಅದು ಅವರ ಬೆನ್ನಿಗೆ ಕೇಳಿದ್ದು. ಮರುದಿನ ಅವರು ಕೆಲಸಕ್ಕೆ ಬಂದರಂತೆ, ಮಿಷನ್ನಿನ ಮುಂದೆಯೇ ಕೂತರಂತೆ. ಅದು ನನಗೆ ಹೆಂಡತಿಯಿಂದ ತಿಳಿಯಿತು. ಏಕೆಂದರೆ ನಾನು ಆ ಕಡೆ ಹೋಗುವುದನ್ನು ಬಿಟ್ಟಿದ್ದೆ.

ಶೆಟ್ಟರ ಫೋನು ಅದೇ ಸಂಜೆ ಬಂತು. “ನನಗೊಂದು ಮಾತು ತಿಳಿಸಿ ಆಮೇಲೆ ಹೇಳ್ಬಹುದಿತ್ತು ನೀವು” ಎಂದರು. ನಾನು ಬಾಯಿ ತೆರೆಯುವ ಮೊದಲೇ ಇಟ್ಟರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತಿಳಿಸಿದ್ದರೆ ಇನ್ನೂ ಸ್ವಲ್ಪ ದಿನ ಹೋಗಲಿ ಎನ್ನುತ್ತಿದ್ದರು ಎಂಬುದೂ ಸುಳ್ಳಲ್ಲ.

ಒಂದು ತಿಂಗಳು ರಸ್ತೆಯಾಚೆಯ ಗಾಡಿಯಲ್ಲಿ ಚಹಾ ಕುಡಿದೆ. ಶುಂಠಿ ಜಾಸ್ತಿ ಹಾಕುತ್ತಿದ್ದ. ಸೋಮವಾರ ಬೆಳಿಗ್ಗೆ ಐದೂವರೆಗೆ ಎಚ್ಚರವಾಗುತ್ತಿತ್ತು. ಎದ್ದು ಮನೆಯ ಸ್ವಿಚ್ಚುಗಳ ಧೂಳು ಒರೆಸುತ್ತಿದ್ದೆ. ಹೆಂಡತಿ ಎರಡು ವಾರ ಸಹಿಸಿದಳು. ಮೂರನೆಯ ವಾರ, “ಅವ್ರ ಮನೀಗೆ ಹೋಗಿ ಕಾಲಾದ್ರೂ ಹಿಡೀರಿ, ಇಲ್ಲಾ ಜಗಳಾದ್ರೂ ಆಡ್ರಿ. ಗೋಡಿ ಬಣ್ಣ ಹೋಗ್ಲಿಕತ್ತದ” ಎಂದಳು.

ನಾನು ಎರಡನ್ನೂ ಮಾಡಲಿಲ್ಲ. ಒಂದು ಮಧ್ಯಾಹ್ನ ಬಾಗಿಲ ಗಂಟೆ ಬಾರಿಸಿತು. ತೆರೆದರೆ ಶಾಂತವ್ವ. ಕಂಕುಳಲ್ಲಿ ನಮ್ಮ ವಿಮಾನ. ಶೆಟ್ಟರ ಕಾರಿನ ಡಿಕ್ಕಿಯಲ್ಲಿ ವೈನಿಗೆ ಸಿಕ್ಕಿತಂತೆ.

“ಅಕ್ಕಾರು ಕಳಿಸ್ಯಾರ್ರಿ. ಇದರ ಸ್ವಿಚ್ಚು ಎಲ್ಲದ ಅಂತ ಕೇಳ್ಕೊಂಡು, ನೋಡ್ಕೊಂಡು ಬಾ ಅಂದಾರ.”

ಒಳಗೆ ಕರೆದೆ. ಅವರು ಕೂರಲಿಲ್ಲ. ವಿಮಾನವನ್ನು ಮೇಜಿನ ಮೇಲಿಟ್ಟು, ಹಳೆಯ ಅಂಟುಪಟ್ಟಿ ಕಿತ್ತು, ಮುಚ್ಚಳ ತೆಗೆದು, ಒಳಗೆ ಬೆರಳು ತೋರಿಸಿದೆ. ಶಾಂತವ್ವ ಫ್ಯಾನನ್ನು ಒಂದು ಸಲ ಕೈಯಿಂದ ತಿರುಗಿಸಿದರು. ಅದು ನನ್ನ ಬೆರಳ ಗೆಣ್ಣಿಗೆ ಬಡಿದು ನಿಂತಿತು.

“ಇದನ್ನ ಯಾರ್ರಿ ಪಾಸ್ ಮಾಡಿದವ್ರು?”

ನನ್ನ ಹೆಂಡತಿ ಅಡಿಗೆಮನೆಯಲ್ಲಿ ನಕ್ಕದ್ದು ಕೇಳಿಸಿತು. ಶಾಂತವ್ವ ನಗಲಿಲ್ಲ, ಆದರೆ ಹೊರಡುವಾಗ ಬಾಗಿಲಲ್ಲಿ ನಿಂತು, “ನಾಳೆ ಮೂರು ಗಂಟೆಕ ಬರ್ರಿ. ಗಿರಾಕಿ ಇರೂದಿಲ್ಲ. ನನ್ನ ಮಷೀನು ನೋಡ್ರಿ” ಎಂದರು.

ಹೋದೆ. ಹದಿನೈದು ವರ್ಷದಿಂದ ಆ ಹೋಟೆಲಿನಲ್ಲಿ ತಿಂದಿದ್ದೇನೆ, ಅಡಿಗೆಮನೆಗೆ ಹೋದದ್ದು ಅದೇ ಮೊದಲು. ಕಾಯಿ ತುರಿಯುವ ಮಿಷನ್ನಿನ ಅಲಗು ಕಲ್ಲಿನ ಕಟ್ಟೆಯ ತುದಿಯಲ್ಲಿ. ಸ್ವಿಚ್ಚು ಅಲಗಿನಿಂದ ಎರಡು ಮೊಳ ದೂರ, ಎಡಗಡೆಯ ಗೋಡೆಯ ಮೇಲೆ, ಎದೆಯ ಎತ್ತರಕ್ಕೆ. ಅದರ ಗುಂಡಿಗೆ ರಬ್ಬರಿನ ಟೋಪಿ. ಶಾಂತವ್ವ ಎರಡೂ ಕೈಯಲ್ಲಿ ಕಾಯಿಹೋಳು ಹಿಡಿದೇ ಮೊಣಕೈಯಿಂದ ಅದನ್ನು ಒತ್ತಿದರು. ಅಲಗು ತಿರುಗಿತು. ಮತ್ತೆ ಮೊಣಕೈ, ನಿಂತಿತು.

“ಕೈ ಯಾವತ್ತೂ ತೊಯ್ದಿರ್ತಾವ್ರಿ. ಒಣಗಿದ ಕೈಲೆ ಕೆಲಸ ಮಾಡೂದು ಇಲ್ಲೆ ಯಾರು? ಮದಲ ಇದು ಅಲಗಿನ ಹಿಂದ ಇತ್ತು. ನಾ ಜಗಳಾ ಮಾಡಿ ತಗಸೀನಿ.”

ನಮ್ಮ ಪರೀಕ್ಷೆಯ ಕೋಣೆಯಲ್ಲಿ ಸ್ವಿಚ್ಚಿಗೆ ನೀರು ಬೀಳುತ್ತಿತ್ತು. ಉಕ್ಕಿನ ಬೆರಳು ಮಾತ್ರ ಸದಾ ಒಣಗಿರುತ್ತಿತ್ತು. ಅದಕ್ಕೆ ಗಾಯವಾಗುವ ಭಯವೂ ಇರಲಿಲ್ಲ. ಬಂದ್ ಮಾಡುವವನು ಎಲ್ಲಿ ನಿಂತಿರುತ್ತಾನೆ, ಅವನ ಕೈ ಯಾವ ದಾರಿಯಿಂದ ಬರುತ್ತದೆ ಎಂಬ ಕಾಲಂ ನಮ್ಮ ಫಾರ್ಮಿನಲ್ಲಿ ಇರಲೇ ಇಲ್ಲ.

“ಶಾಂತವ್ವ, ನನ್ನಿಂದ ಭಾಳ ತಪ್ಪಾತು” ಎಂದೆ. ಈ ಸಲ ಎದುರಿಗೇ ಹೇಳಿದೆ.

“ಆತಲ್ರಿ” ಎಂದರು. ಆಯಿತು ಬಿಡಿ ಎಂದೋ, ಹೌದು ಆಯಿತು ಎಂದೋ ನನಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ರಬ್ಬರು ಟೋಪಿಯ ಚಿಕ್ಕ ಸ್ವಿಚ್ಚಿಗಾಗಿ, ಕರೆಂಟಿನ ಸಾಮಾನು ಮಾರುವ ತಪಕೀರ ಗಲ್ಲಿಯಲ್ಲಿ ಅರ್ಧ ದಿನ ಅಲೆದೆ. ಕೊನೆಗೆ ಒಂದು ಕಡೆ ಸಿಕ್ಕಿತು. ಅಂಗಡಿಯ ತರುಣ ಅದನ್ನು ಕಾಗದದಲ್ಲಿ ಸುತ್ತುತ್ತ, “ಕಾಕಾ, ಏವಢ್ಯಾಶಾ ಬಟನಾಲಾ ರೇನಕೋಟ?” ಎಂದ. ಹೌದಪ್ಪ, ಇಷ್ಟು ಸಣ್ಣ ಗುಂಡಿಗೂ ರೇನ್‌ಕೋಟು ಬೇಕು ಎಂದೆ, ಮರಾಠಿಯಲ್ಲೇ.

ಎಲ್ಲಿ ಕೂರಿಸಬೇಕೆಂಬುದು ಇನ್ನೂ ಉಳಿದಿತ್ತು. ಓಡುವಾಗ ನೀರು ಎಲ್ಲೆಲ್ಲಿ ಹೊಡೆಯುತ್ತದೆ ಎಂದು ತಿಳಿಯಲು ವಿಮಾನದ ಮೈಗೆಲ್ಲ ಸೀಮೆಸುಣ್ಣದ ಪುಡಿ ಬಳಿದೆ. ಹಾರಿಸಲು ಜೊತೆಗಾರರಿಲ್ಲವಲ್ಲ. ಒಬ್ಬನೇ ಕೆರೆಗೆ ಹೋಗಿ, ಮೂಗಿಗೆ ಉದ್ದ ದಾರ ಕಟ್ಟಿ, ಏರಿಯ ಮೇಲೆ ಓಡುತ್ತ ಅದನ್ನು ನೀರಿನಲ್ಲಿ ಎಳೆದೆ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಅರವತ್ತೆರಡರ ಮುದುಕನೊಬ್ಬ ಆಟಿಕೆಗೆ ದಾರ ಕಟ್ಟಿ ಏದುಸಿರು ಬಿಡುತ್ತ ಓಡುವುದನ್ನು ನಾನಾದರೂ ನಿಂತು ನೋಡುತ್ತಿದ್ದೆ. ನಾಲ್ಕು ಸಲ ಎಳೆದ ಮೇಲೆ ನೋಡಿದರೆ ಪಕ್ಕೆಯ ಸುಣ್ಣವೆಲ್ಲ ತೊಳೆದುಹೋಗಿತ್ತು. ಮೂಗಿನ ಹಿಂದೆ, ಬೆನ್ನಿನ ಮೇಲೆ, ಅಂಗೈಯಷ್ಟು ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಫ್ಯಾನು ಅಲ್ಲಿಂದ ಎರಡು ಗೇಣು ಹಿಂದೆ. ಮೂಗು ಹಿಡಿದು ನಿಂತವನ ಹೆಬ್ಬೆರಳಿಗೆ ಆ ಜಾಗ ತಾನಾಗಿ ಸಿಗುತ್ತದೆ. ಅಲ್ಲಿ ತೂತು ಕೊರೆದೆ. ಸ್ವಿಚ್ಚಿನ ಪಕ್ಕದಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಕೆಂಪು ದೀಪವನ್ನೂ ಇಟ್ಟೆ, ಚಾಲೂ ಇದ್ದರೆ ಉರಿಯುವ ಹಾಗೆ.

ವಿಮಾನವನ್ನು ಎತ್ತಿಕೊಂಡು ಶೆಟ್ಟರ ಮನೆಗೆ ಹೋದೆ. ಶೆಟ್ಟರು ದೀವಾನದ ಮೇಲೆ ಕುಳಿತು ರಬ್ಬರಿನ ಚೆಂಡು ಅದುಮುತ್ತಿದ್ದರು. ಬೆರಳಿಗೆ ವ್ಯಾಯಾಮ. ನನ್ನನ್ನು ನೋಡಿ ಟೀವಿಯ ಸದ್ದು ಜಾಸ್ತಿ ಮಾಡಿದರು. ವೈನಿ ಬಂದು ಸದ್ದು ಕಡಿಮೆ ಮಾಡಿದರು. ಆಮೇಲೆ ಒಳಗೆ ಹೋಗಿ ಕೈ ಒದ್ದೆ ಮಾಡಿಕೊಂಡು ಬಂದರು. ನೀರು ತೊಟ್ಟಿಕ್ಕುವ ಬೆರಳಿನಿಂದ ಸ್ವಿಚ್ಚು ಒತ್ತಿದರು. ದೀಪ ಹತ್ತಿತು. ಒತ್ತಿದರು, ಆರಿತು. ಹೀಗೆ ಏಳೆಂಟು ಸಲ. ಫ್ಯಾನಿಗೂ ಸ್ವಿಚ್ಚಿಗೂ ನಡುವೆ ತಮ್ಮ ಗೇಣಿನಿಂದಲೇ ಅಳೆದರು.

“ಇದು ಸರಿ ಆಯ್ತು” ಎಂದರು. “ಆದ್ರೆ ಹಿರೇಮಠ್ರೇ, ಆ ದಿನ ಸ್ವಿಚ್ಚಿನ ಹತ್ತಿರ ಇದ್ದದ್ದು ಇವರ ಕೈ. ಕೊಯ್ದದ್ದು ದಡದಲ್ಲಿದ್ದ ನೀವು. ನಿಮಗೆಂತ ಸ್ವಿಚ್ಚು ಉಂಟು?”

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರೇ ಮುಂದುವರಿಸಿದರು.

“ಇವರ ಕೈ ವಿಮಾನದ ಮೇಲಿರುವಾಗ ರಿಮೋಟು ನೆಲದ ಮೇಲಿರ್ಬೇಕು. ನಿಮ್ಮ ಎರಡೂ ಕೈ ತಲೆ ಮೇಲೆ ಇರ್ಬೇಕು. ಫೋನು ಮನೆಯಲ್ಲಿ.”

“ಅಷ್ಟ ಸಾಕೇನ್ರಿ ವೈನಿ?”

“ಸಾಕು. ಇವರು ಬಂದ್ ಅಂತ ಹೇಳುವವರೆಗೆ ಕೈ ಇಳಿಸ್ಬಾರ್ದು.”

ಶೆಟ್ಟರು ಟೀವಿಯಿಂದ ಕಣ್ಣು ತೆಗೆಯದೆ ಬಾಯಿಬಿಟ್ಟರು. ಎರಡು ತಿಂಗಳ ನಂತರ ಅವರು ನನಗೆ ಹೇಳಿದ ಮೊದಲ ಮಾತು ಅದು: “ಸೋಮವಾರ ಆರು ಗಂಟೆಗೆ ಕೆಳಗೆ ನಿಲ್ಲಿ. ಕಾರು ನೀವೇ ಓಡಿಸ್ಬೇಕು, ನನಗೆ ಗೇರು ಹಾಕ್ಲಿಕ್ಕೆ ಇನ್ನೂ ಆಗುದಿಲ್ಲ.”

ಅವರ ನಡುಬೆರಳು ಪೂರ್ತಿ ಮಡಚುವುದಿಲ್ಲ. ಇನ್ನು ಮಡಚಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟರು. ಚಹಾದ ಬಟ್ಟಲು ಹಿಡಿದಾಗ ಅದೊಂದು ಬೆರಳು ಎಲ್ಲರಿಂದ ದೂರ ನಿಂತಿರುತ್ತದೆ. ಈಗ ನಾನು ಚಹಾ ಕುಡಿಯುವುದು ಅಲ್ಲೇ. ಶಾಂತವ್ವ ಕಿಂಡಿಯಿಂದ ಕೆಲವು ದಿನ “ಬರ್ರಿ” ಎನ್ನುತ್ತಾರೆ, ಕೆಲವು ದಿನ ಎನ್ನುವುದಿಲ್ಲ. ಚಟ್ನಿ ಮಾತ್ರ ದಿನಾ ನುಣ್ಣಗಿರುತ್ತದೆ.

ಸೋಮವಾರಗಳು ಮತ್ತೆ ಶುರುವಾಗಿವೆ. ವಿಮಾನ ಇಳಿದು ತೇಲುತ್ತ ಬರುತ್ತದೆ. ನಾನು ರಿಮೋಟನ್ನು ಕೊರಳಿಂದ ತೆಗೆದು ಟವೆಲ್ಲಿನ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಎರಡೂ ಕೈಯನ್ನು ತಲೆಯ ಮೇಲೆತ್ತಿ ನಿಲ್ಲುತ್ತೇನೆ. ಶೆಟ್ಟರು ನೀರಿಗಿಳಿದು ಮೂಗು ಹಿಡಿಯುತ್ತಾರೆ. ಹೆಬ್ಬೆರಳಿನಿಂದ ಒತ್ತುತ್ತಾರೆ. ಕೆಂಪು ದೀಪ ಆರುವುದು ನನಗೆ ದಡದಿಂದಲೇ ಕಾಣುತ್ತದೆ.

ಆದರೂ ಅವರು ಕೂಡಲೇ ಬಂದ್ ಎನ್ನುವುದಿಲ್ಲ. ವಿಮಾನದ ನೀರು ಒರೆಸುತ್ತಾರೆ. ಆಚೆ ದಡದ ಕೊಕ್ಕರೆಗಳನ್ನು ನೋಡುತ್ತಾರೆ. ಮಡಚಿದ ಪ್ಯಾಂಟನ್ನು ಮತ್ತೊಂದು ಮಡಿಕೆ ಮಡಚುತ್ತಾರೆ. ನನ್ನ ಭುಜ ನೋಯತೊಡಗುತ್ತದೆ. ಬಟ್ಟೆ ಒಗೆಯುವ ಹೆಂಗಸರು, ಈ ಅಜ್ಜ ಕೈ ಯಾಕೆ ಎತ್ತಿಕೊಂಡಿದ್ದಾನೆ ಎಂದು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವುದು ಕೇಳಿಸುತ್ತದೆ. ಶೆಟ್ಟರು ಬೇಕೆಂದೇ ತಡ ಮಾಡುತ್ತಾರೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು. ನಾನು ಒಂದು ದಿನವೂ ಆಯಿತೇನ್ರಿ ಎಂದು ಕೇಳಿಲ್ಲ. ಎಷ್ಟು ಹೊತ್ತು ನಿಲ್ಲಿಸುತ್ತಾರೋ ಅಷ್ಟು ಹೊತ್ತು ನಿಲ್ಲುತ್ತೇನೆ.